ಹೊರೆಯಾಳಾಗಿ ಹೊರಟು ಎವರೆಸ್ಟ್ ಮುಟ್ಟಿದ ತೇನ್‌ಸಿಂಗ್

ಎವರೆಸ್ಟ್ ಎಂದೊಡನೆ ಹಿಲರಿ-ತೇನ್‌ಸಿಂಗ್ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಶಾಲಾ ಮಕ್ಕಳಿಗೂ ರೂಢಿ. ಆದರೆ 1953ರ ಮೇ 29ರಂದು ಬೆಳಿಗ್ಗೆ 11.30ಕ್ಕೆ ಆ ತುದಿಯಲ್ಲಿ ನಿಂತಾಗ ತೇನ್‌ಸಿಂಗ್ ನೋರ್ಗೆ ಅವರಿಗೆ ಅದು ಏಳನೆಯ ಎವರೆಸ್ಟ್ ಯಾತ್ರೆ ಎಂಬುದು ಅನೇಕರಿಗೆ ತಿಳಿದಿರಲಾರದು.

1914ರಲ್ಲಿ ಯಾಕ್ ಕಾಯುವ ಬಡ ಕುಟುಂಬದಲ್ಲಿ ಜನಿಸಿದ ತೇನ್‌ಸಿಂಗ್, ಹುಟ್ಟಿದ ದಿನ ಯಾವುದೆಂದು ತಿಳಿಯದೆ ಶಿಖರ ಏರಿದ ದಿನವನ್ನೇ ಜನ್ಮದಿನವಾಗಿ ಆಚರಿಸಿಕೊಂಡವರು. ಹದಿಹರೆಯದಲ್ಲೇ ಕೆಲಸ ಅರಸಿ ಡಾರ್ಜಿಲಿಂಗ್‌ಗೆ ಬಂದರು. 1935ರಲ್ಲಿ ಎರಿಕ್ ಶಿಪ್ಟನ್ ಅವರ ತಂಡಕ್ಕೆ ಹೊರೆಯಾಳಾಗಿ ಸೇರಿದರು. 1938ರಲ್ಲಿ ಅತಿ ಎತ್ತರದ ಶಿಬಿರಕ್ಕೆ ಹೊರೆ ಸಾಗಿಸಿ 'ಟೈಗರ್' ಪದಕ ಗಳಿಸಿದರು. ಓದು-ಬರಹ ಬಾರದಿದ್ದರೂ ಹಲವು ಭಾಷೆಗಳನ್ನು ಆಡಬಲ್ಲವರಾಗಿದ್ದರು.

ಅವರ ಬದುಕಿನ ನಿಜವಾದ ತಿರುವು 1953 ಅಲ್ಲ, 1952 ಎನ್ನಬೇಕು. ಆ ವರ್ಷ ಸ್ವಿಸ್ ತಂಡ ಅವರನ್ನು ಆಳಾಗಿ ಕಾಣದೆ ಸಮಾನ ಆರೋಹಿಯಾಗಿ ಸ್ವೀಕರಿಸಿತು. ಅವರ ಜೊತೆಗಾರ ರೇಮಂಡ್ ಲ್ಯಾಂಬರ್ಟ್ ಹಿಮಗಡಿತದಿಂದ ಕಾಲ್ಬೆರಳುಗಳನ್ನೇ ಕಳೆದುಕೊಂಡಿದ್ದ ಮಾರ್ಗದರ್ಶಿ. ಇಬ್ಬರಿಗೂ ಸಾಮಾನ್ಯವಾದ ಭಾಷೆಯಿರಲಿಲ್ಲ. ಸ್ಲೀಪಿಂಗ್ ಬ್ಯಾಗ್ ಇಲ್ಲ, ಒಲೆಯೂ ಇಲ್ಲ. ಮೇಣದ ಬತ್ತಿಯ ಜ್ವಾಲೆಯಲ್ಲಿ ಹಿಮ ಕರಗಿಸಿ ಗುಟುಕು ನೀರು ಕುಡಿದು, ಪರಸ್ಪರರ ಮೈ ತಟ್ಟುತ್ತ ರಾತ್ರಿ ಕಳೆದರು. ಮರುದಿನ ಸುಮಾರು 8,600 ಮೀಟರ್ ತಲುಪಿ ಮರಳಿದರು. ಮುಂದಿನ ವರ್ಷ ಶಿಖರದಲ್ಲಿ ತೇನ್‌ಸಿಂಗ್ ಕೊರಳಲ್ಲಿದ್ದುದು ಲ್ಯಾಂಬರ್ಟ್ ಕೊಟ್ಟ ಕೆಂಪು ಸ್ಕಾರ್ಫ್!

1953ರ ಬ್ರಿಟಿಷ್ ಯಾತ್ರೆಯ ಆರಂಭ ಅಷ್ಟು ಹಿತಕರವಾಗಿರಲಿಲ್ಲ. ಕಠ್ಮಂಡುವಿನಲ್ಲಿ ಶೆರ್ಪಾಗಳಿಗೆ ಗ್ಯಾರೇಜ್‌ನಲ್ಲಿ ತಂಗಲು ಜಾಗ ಕೊಟ್ಟಾಗ ಅವರ ಅಸಮಾಧಾನ ಭುಗಿಲೆದ್ದಿತು. ಸರ್ದಾರ್ ಆಗಿ ಎರಡೂ ಕಡೆಯವರ ನಡುವೆ ನಿಂತು ನಿಭಾಯಿಸಬೇಕಾದವರು ತೇನ್‌ಸಿಂಗ್. ಬಳಿಕ ಹಿಮಪ್ರಪಾತದಲ್ಲಿ ಬಿರುಕಿಗೆ ಬಿದ್ದ ಹಿಲರಿಯನ್ನು ಹಗ್ಗ ಬಿಗಿದು ಉಳಿಸಿದವರೂ ಅವರೇ. ಶಿಖರದಲ್ಲಿ ದೇವರಿಗೆ ಸಿಹಿತಿಂಡಿಯನ್ನೂ ಮಗಳು ಕೊಟ್ಟಿದ್ದ ಪೆನ್ಸಿಲ್ ತುಂಡನ್ನೂ ಹಿಮದಲ್ಲಿ ಹೂತಿಟ್ಟರು.

ಕೆಳಗಿಳಿದೊಡನೆ ಕಾದಿದ್ದುದು ಮೊದಲು ಕಾಲಿಟ್ಟವರಾರು, ಇವರು ನೇಪಾಳಿಯೋ ಭಾರತೀಯರೋ ಎಂಬ ವ್ಯರ್ಥ ಕೋಲಾಹಲ. ಹಿಲರಿಗೆ ಸರ್ ಪದವಿ ದೊರೆತರೆ ತೇನ್‌ಸಿಂಗ್‌ಗೆ ದೊರೆತದ್ದು ಜಾರ್ಜ್ ಪದಕ. ಈ ತಾರತಮ್ಯ ಇಂದಿಗೂ ಚುಚ್ಚುತ್ತದೆ. 1955ರ ಆತ್ಮಕಥೆಯಲ್ಲಿ ಅವರು ಹಿಲರಿಯೇ ಮೊದಲು ಕಾಲಿಟ್ಟರೆಂದು ಹೇಳಿ ವಿವಾದಕ್ಕೆ ತೆರೆ ಎಳೆದರು.

1954ರಲ್ಲಿ ನೆಹರೂ ಅವರ ಆಸಕ್ತಿಯಿಂದ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಸ್ವಿಟ್ಜರ್ಲೆಂಡ್‌ನಲ್ಲಿ ತರಬೇತಿ ಪಡೆದು ಬಂದ ತೇನ್‌ಸಿಂಗ್ ಅದರ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾದರು. ಹಗ್ಗ ಹಿಡಿಯುವುದನ್ನೂ ಹೆಜ್ಜೆ ಕಡಿಯುವುದನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಯುವಕರಿಗೆ ಕಲಿಸಿದರು. 1978ರಲ್ಲಿ ಚಾರಣಿಗರಿಗಾಗಿ ಸ್ವಂತ ಸಂಸ್ಥೆ ತೆರೆದರು.

ತಮ್ಮ ಮಕ್ಕಳು ಮಾತ್ರ ಈ ವೃತ್ತಿಗೆ ಬರುವುದು ಅವರಿಗೆ ಬೇಡವಾಗಿತ್ತು. ಅವರಿಗೆ ವಿದ್ಯೆ ದೊರೆಯಲೆಂದೇ ತಾವು ಬೆಟ್ಟ ಹತ್ತಿದ್ದಾಗಿ ತಿಳಿಸಿದ್ದರು. 1986ರ ಮೇ 9ರಂದು ಡಾರ್ಜಿಲಿಂಗ್‌ನಲ್ಲಿ ನಿಧನರಾದರು. ಹತ್ತು ವರ್ಷಗಳ ನಂತರ, 1996ರಲ್ಲಿ, ಮಗ ಜಾಮ್ಲಿಂಗ್ ಎವರೆಸ್ಟ್ ಏರಿದರು.