ಸೋಲಿನ ಲೆಕ್ಕಕ್ಕೆ ಸಿಗದ ಗುರು

ನಾವು ಆಡುವ ಆಟಗಳಲ್ಲಿ ಹೆಚ್ಚಿನವುಗಳಿಗೆ ತಂದೆ ಯಾರೆಂದು ಗೊತ್ತಿಲ್ಲ. ಕಬಡ್ಡಿಯನ್ನು ಮೊದಲು ಆಡಿದವರು ಯಾರು, ಲಗೋರಿಯ ಬಿಲ್ಲೆಗಳನ್ನು ಮೊದಲು ಒಂದರ ಮೇಲೊಂದು ಪೇರಿಸಿದ ಕೈ ಯಾವುದು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಗಾದೆಗಳಂತೆ, ಜನಪದ ಹಾಡುಗಳಂತೆ, ಅವು ಊರೊಟ್ಟಿನ ಸೊತ್ತು. ಬಾಸ್ಕೆಟ್‌ಬಾಲ್ ಮಾತ್ರ ಹಾಗಲ್ಲ. ಅದಕ್ಕೆ ಹುಟ್ಟಿದ ದಿನವುಂಟು, ಹುಟ್ಟಿದ ಊರುಂಟು, ಹೆಸರು ಹಿಡಿದು ಹೇಳಬಹುದಾದ ತಂದೆಯೂ ಉಂಟು. ಆತ ಜೇಮ್ಸ್ ನೇಸ್ಮಿತ್. ತಾವು ಹುಟ್ಟಿಸಿದ ಆಟವನ್ನು ಒಂಬತ್ತು ಋತುಗಳ ಕಾಲ ಒಂದು ವಿಶ್ವವಿದ್ಯಾನಿಲಯದ ತಂಡಕ್ಕೆ ಕಲಿಸಿದ ಅವರ ಲೆಕ್ಕದಲ್ಲಿ ಗೆದ್ದ ಪಂದ್ಯಗಳು 55, ಸೋತವು 60. ಆ ತಂಡದ ಶತಮಾನ ಮೀರಿದ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಕಂಡ ಗುರು ಅವರೊಬ್ಬರೇ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆಟಗಳ ಶಾಸ್ತ್ರ ನನ್ನ ವಿಷಯವಲ್ಲ. ಆದರೆ ನಾನು ವಾಸವಾಗಿರುವ ಫಳ್ನೀರಿನ ರಸ್ತೆಯಲ್ಲಿ ಸಂಜೆಯಾಯಿತೆಂದರೆ ಬಗಲಲ್ಲಿ ಚೆಂಡನ್ನು ಇರುಕಿಕೊಂಡು ಕಂಕನಾಡಿಯತ್ತಲೋ ಹಂಪನಕಟ್ಟೆಯತ್ತಲೋ ನಡೆಯುವ ಹುಡುಗ ಹುಡುಗಿಯರು ಎದುರಾಗುತ್ತಾರೆ. ಕೆಲವರು ನನ್ನ ವಿದ್ಯಾರ್ಥಿಗಳೇ. ಅಮೆರಿಕದ ವೃತ್ತಿಪರ ಸಂಘವಾದ ಎನ್‌ಬಿಎಯ 30 ತಂಡಗಳ ಹೆಸರು ಅವರಿಗೆ ಬಾಯಿಪಾಠ. ಒಂದೊಂದು ತಂಡವೂ ಋತುವೊಂದರಲ್ಲಿ 82 ಪಂದ್ಯಗಳನ್ನು ಆಡುತ್ತದೆ. ಅವುಗಳ ಸೋಲುಗೆಲುವು ಬೆಳಗಿನ ಕಾಫಿಯ ಹೊತ್ತಿಗೆ ಇವರ ಕೈಯ ಫೋನಿಗೆ ಬಂದು ಮುಟ್ಟಿರುತ್ತದೆ. ಸೋಲುವ ತಂಡದ ತರಬೇತುದಾರನನ್ನು ಋತುವಿನ ನಡುವೆಯೇ ಮನೆಗೆ ಕಳುಹಿಸುವುದು ಅಲ್ಲಿ ಅಪರೂಪವಲ್ಲ. ಅಂಥದೊಂದು ಸುದ್ದಿಯನ್ನು ಹೇಳುತ್ತ ವಿದ್ಯಾರ್ಥಿಯೊಬ್ಬ, ಗೆಲ್ಲಿಸಲಾರದವನಿಗೆ ಕಲಿಸುವ ಅಧಿಕಾರ ಎಲ್ಲಿಯದು ಸರ್ ಎಂದು ನನ್ನನ್ನು ಕೇಳಿದ. ಅವನು ಕೇಳಿದ್ದು ಆಟದ ವಿಚಾರವಾಗಿ. ಆದರೆ ಇಪ್ಪತ್ತು ವರ್ಷಗಳಿಂದ ತರಗತಿಯ ಕಟ್ಟೆಯ ಮೇಲೆ ನಿಲ್ಲುತ್ತಿರುವ ನನಗೆ ಆ ಪ್ರಶ್ನೆ ಬೇರೆಯೇ ಜಾಗದಲ್ಲಿ ತಾಗಿತು. ನೇಸ್ಮಿತರ ಬದುಕನ್ನು ಇಲ್ಲಿ ಹೇಳಹೊರಟದ್ದು ಆ ಪ್ರಶ್ನೆಯ ದೆಸೆಯಿಂದ.

ನೇಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಆಂಟೇರಿಯೊ ಪ್ರಾಂತದ ಆಲ್ಮಾಂಟ್ ಎಂಬ ಸಣ್ಣ ಊರಿನ ಬಳಿ. ತಂದೆ ತಾಯಿಗಳು ಸ್ಕಾಟ್ಲೆಂಡಿನ ಮೂಲದವರು. 1870ರಲ್ಲಿ ವಿಷಮಶೀತ ಜ್ವರ ಆ ಮನೆಯನ್ನು ಹೊಕ್ಕಿತು. ಕೆಲವು ವಾರಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಹುಡುಗನಿಗೆ ಆಗ ಒಂಬತ್ತರ ಪ್ರಾಯ. ಮೊದಲು ಅಜ್ಜಿಯ ಆಸರೆ, ಆಮೇಲೆ ಕಟ್ಟುನಿಟ್ಟಿನ ಸೋದರಮಾವ ಪೀಟರ್ ಯಂಗನ ಮನೆ. ಹದಿಹರೆಯದಲ್ಲಿ ಶಾಲೆ ಬಿಟ್ಟ ಹುಡುಗ ಕಾಡಿನಲ್ಲಿ ಮರ ಕಡಿಯುವವರ ಜೊತೆ ಸೇರಿ ಕೆಲವು ವರ್ಷ ದುಡಿದ. ಮತ್ತೆ ಓದಬೇಕೆಂಬ ಹಂಬಲ ಹುಟ್ಟಿದಾಗ, ತನಗಿಂತ ಎಷ್ಟೋ ಕಿರಿಯರಾದ ಮಕ್ಕಳ ನಡುವೆ ಬೆಂಚಿನ ಮೇಲೆ ಕುಳಿತು ಶಾಲೆ ಮುಗಿಸಿದ.

ಆ ಬಾಲ್ಯದ ಒಂದು ಆಟವನ್ನು ಇಲ್ಲಿ ನೆನೆಯಬೇಕು. ನಮ್ಮ ಲಗೋರಿಯ ದೂರದ ನೆಂಟನಂತಿರುವ ಆ ಆಟದ ಹೆಸರು ಬಂಡೆಯ ಮೇಲಿನ ಬಾತು. ಒಂದು ದೊಡ್ಡ ಬಂಡೆ, ಅದರ ಮೇಲೊಂದು ಸಣ್ಣ ಕಲ್ಲು. ದೂರದಿಂದ ಕಲ್ಲೆಸೆದು ಅದನ್ನು ಕೆಡವಬೇಕು. ಬಳಿಕ ಕಾವಲಿನವನ ಕೈಗೆ ಸಿಗದಂತೆ ತನ್ನ ಕಲ್ಲನ್ನು ಹೆಕ್ಕಿಕೊಂಡು ಓಡಿ ಬರಬೇಕು. ಬಲವಾಗಿ ಬೀಸಿ ಎಸೆದ ಕಲ್ಲು ಗುರಿ ತಪ್ಪಿದರೆ ಬಹುದೂರ ಹೋಗಿ ಬೀಳುತ್ತದೆ, ಎಸೆದವನು ಸಿಕ್ಕಿಬೀಳುತ್ತಾನೆ. ಮೇಲಕ್ಕೆ ಬಾಗಿಸಿ ಮೆಲ್ಲನೆ ಎಸೆದವನಿಗೆ ಮಾತ್ರ ಕ್ಷೇಮ. ಬಲಕ್ಕಿಂತ ಹದ ಮೇಲೆಂಬ ಈ ಪಾಠ ಇಪ್ಪತ್ತು ವರ್ಷ ಅವನ ಮನಸ್ಸಿನಲ್ಲಿ ಮಲಗಿದ್ದು, ಬೇಕಾದ ದಿನ ಎಚ್ಚೆತ್ತಿತು.

1883ರಲ್ಲಿ ನೇಸ್ಮಿತ್ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಧರ್ಮೋಪದೇಶಕರಾಗಬೇಕೆಂಬುದು ಅವರ ಸಂಕಲ್ಪ. ಪದವಿಯ ಬಳಿಕ ದೇವಶಾಸ್ತ್ರವನ್ನೂ ಓದಿದರು. ಜೊತೆಗೆ ಫುಟ್‌ಬಾಲ್ ಆಡುತ್ತಿದ್ದರು. ಮೈ ಮೇಲೆ ಬಿದ್ದು ಸೆಣಸುವ ಆ ಒರಟು ಆಟ ಪಾದ್ರಿಯಾಗಲಿರುವವನಿಗೆ ಸಲ್ಲದೆಂದು ಸಹಪಾಠಿಗಳು ಮರುಗಿದ್ದುಂಟು. ಒಂದು ದಿನ ಆಟದ ಬಿರುಸಿನಲ್ಲಿ ಪಕ್ಕದ ಆಟಗಾರ ಕೆಟ್ಟ ಮಾತೊಂದನ್ನು ಆಡಿಬಿಟ್ಟ. ಮರುಗಳಿಗೆಯಲ್ಲೇ ತಿರುಗಿ, ನೇಸ್ಮಿತ್ ಅಲ್ಲಿರುವುದನ್ನು ಮರೆತೆನೆಂದು ಕ್ಷಮೆ ಬೇಡಿದ. ನೇಸ್ಮಿತ್ ಅವನಿಗೆ ಎಂದೂ ಬುದ್ಧಿ ಹೇಳಿದವರಲ್ಲ. ಜೊತೆಯಲ್ಲಿ ಆಡಿದ್ದರು, ಅಷ್ಟೆ. ವೇದಿಕೆಯಿಂದ ಮಾಡುವ ಉಪದೇಶಕ್ಕಿಂತ ಜೊತೆಯಲ್ಲಿ ಆಡುವ ಆಟ ಮನುಷ್ಯನನ್ನು ಹೆಚ್ಚು ತಿದ್ದಬಲ್ಲದೆಂಬುದು ಅವರಿಗೆ ಹೊಳೆದದ್ದು ಆಗ. ಉಪದೇಶಕನ ಹಾದಿಯನ್ನು ಬಿಟ್ಟು 1890ರಲ್ಲಿ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿಗೆ, ವೈಎಂಸಿಎಯ ತರಬೇತಿ ಶಾಲೆಗೆ ಹೋದರು. ಅಕ್ಕ ಆನಿಗೆ ಈ ನಿರ್ಧಾರ ಹಿಡಿಸಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಆ ಶಾಲೆಗೊಂದು ತೊಡಕು ಬಂತು. ಹಿಮ ಬಿದ್ದ ಮೇಲೆ ಹೊರಗೆ ಆಟವಿಲ್ಲ. ಒಳಗೆ ಅದೇ ಕವಾಯತು, ಅದೇ ಸಾಮು. 18 ಮಂದಿಯ ಒಂದು ತರಗತಿ ಇದಕ್ಕೆ ಬೇಸತ್ತು ಯಾರ ಮಾತಿಗೂ ಬಗ್ಗದಾಯಿತು. ಇಬ್ಬರು ಶಿಕ್ಷಕರು ಸೋತು ಕೈಬಿಟ್ಟರು. ಮುಖ್ಯಸ್ಥರಾದ ಲೂಥರ್ ಗುಲಿಕ್ ಆ ತರಗತಿಯನ್ನು ನೇಸ್ಮಿತರಿಗೆ ಒಪ್ಪಿಸಿ, ಒಳಾಂಗಣಕ್ಕೆ ಒಗ್ಗುವ ಹೊಸ ಆಟವೊಂದನ್ನು ಹುಡುಕಲು 14 ದಿನಗಳ ಗಡುವು ಕೊಟ್ಟರು. ಹೊರಗಿನ ಆಟಗಳನ್ನು ಒಳಗೆ ತಂದು ಆಡಿಸಿದ ಪ್ರಯೋಗಗಳೆಲ್ಲ ಕೆಟ್ಟವು.

ಗಡುವು ಮುಗಿಯುತ್ತ ಬಂದಾಗ ನೇಸ್ಮಿತ್ ಆಟಗಳ ಬುಡಕ್ಕೇ ಕೈ ಹಾಕಿದರು. ಆಟಗಾರರು ಒಬ್ಬರ ಮೇಲೊಬ್ಬರು ಬೀಳುವುದೇಕೆ? ಚೆಂಡು ಹಿಡಿದವನು ಓಡುತ್ತಾನೆ, ಅವನನ್ನು ತಡೆಯಬೇಕು, ಅದಕ್ಕೆ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದು. ನಿಂತಲ್ಲಿಂದಲೇ ಇನ್ನೊಬ್ಬನಿಗೆ ಕೊಡಬೇಕು. ಚೆಂಡನ್ನು ಮೈಮುರಿದು ಹೊಡೆಯುವುದೇಕೆ? ಗುರಿ ಎದುರಿಗೆ ನೆಟ್ಟಗೆ ನಿಂತಿದೆ, ಅದಕ್ಕೆ. ಹಾಗಾದರೆ ಗುರಿ ತಲೆಯ ಮೇಲೆ, ಬಾಯಿ ಮೇಲಾಗಿ ಇರಲಿ. ಬಂಡೆಯ ಮೇಲಿನ ಬಾತು ಎಚ್ಚೆತ್ತದ್ದು ಇಲ್ಲಿ. ಶಾಲೆಯ ಕಾವಲುಗಾರನೊಡನೆ ಅವರು ಎರಡು ಪೆಟ್ಟಿಗೆಗಳನ್ನು ಕೇಳಿದರು; ಆತ ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು. ಅವುಗಳನ್ನು ಉಪ್ಪರಿಗೆಯ ಕಂಬಿಗೆ ಮೊಳೆ ಹೊಡೆದು ನಿಲ್ಲಿಸಿದಾಗ ಎತ್ತರ 10 ಅಡಿಯಾಯಿತು. ಇಂದಿಗೂ ಲೋಕವಿಡೀ ಬುಟ್ಟಿಯ ಬಳೆ ಇರುವುದು ಅದೇ 10 ಅಡಿಯಲ್ಲಿ. 13 ನಿಯಮಗಳನ್ನು ಬೆರಳಚ್ಚು ಮಾಡಿಸಿ ಗೋಡೆಗೆ ಅಂಟಿಸಲಾಯಿತು. 1891ರ ಡಿಸೆಂಬರ್ 21ರಂದು, ಒಂದೊಂದು ಕಡೆಗೆ ಒಂಬತ್ತು ಮಂದಿಯಂತೆ ಆಡಿದ ಮೊದಲ ಪಂದ್ಯದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ. ಎಸೆದವನು ವಿಲಿಯಂ ಚೇಸ್. ಬುಟ್ಟಿಗೆ ತಳವಿದ್ದುದರಿಂದ ಏಣಿ ಹತ್ತಿ ಚೆಂಡನ್ನು ತೆಗೆಯಬೇಕಾಯಿತು. ಆಟಕ್ಕೆ ನೇಸ್ಮಿತರ ಹೆಸರನ್ನೇ ಇಡೋಣವೆಂದು ವಿದ್ಯಾರ್ಥಿಯೊಬ್ಬ ಸೂಚಿಸಿದಾಗ ಅವರು ನಕ್ಕುಬಿಟ್ಟರು. ಉಳಿದದ್ದು ಬುಟ್ಟಿಯ ಹೆಸರು.

ಆಟ ಕಾಳ್ಗಿಚ್ಚಿನಂತೆ ಹಬ್ಬಿತು. 1892ರಲ್ಲೇ ಮಹಿಳಾ ಕಾಲೇಜನ್ನು ಹೊಕ್ಕಿತು. ಸ್ಪ್ರಿಂಗ್‌ಫೀಲ್ಡಿನಲ್ಲಿ ಮೊದಮೊದಲು ಆಡಿದ ಹೆಂಗಸರಲ್ಲೊಬ್ಬಳಾದ ಮಾಡ್ ಶರ್ಮನ್ 1894ರಲ್ಲಿ ನೇಸ್ಮಿತರ ಕೈಹಿಡಿದಳು. ಅದೇ ವರ್ಷ, ಆ 18 ಮಂದಿಯಲ್ಲೊಬ್ಬನಾದ ಡಂಕನ್ ಪ್ಯಾಟನ್ ಆಟವನ್ನು ಭಾರತಕ್ಕೆ ತಂದ. 1920ರಲ್ಲಿ ಹ್ಯಾರಿ ಬಕ್ ಎಂಬವರು ಮದರಾಸಿನಲ್ಲಿ ವೈಎಂಸಿಎಯ ವ್ಯಾಯಾಮ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮೇಲೆ, ಅಲ್ಲಿ ಕಲಿತ ಶಿಕ್ಷಕರು ದಕ್ಷಿಣದ ಶಾಲೆಗಳಿಗೆಲ್ಲ ಹರಡಿದರು; ನಮ್ಮ ಮಂಗಳೂರು 1956ರವರೆಗೆ ಆ ಮದರಾಸಿನ ಆಡಳಿತದಲ್ಲೇ ಇದ್ದುದನ್ನು ವಾಚಕರು ನೆನಪಿಸಿಕೊಳ್ಳಬಹುದು. ನಮ್ಮ ದೇಶದ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದು 1934ರಲ್ಲಿ.

ಆಟದ ಬೆನ್ನಿಗೇ ದುಡ್ಡೂ ಬಂತು. 1896ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ನಗರದ ಆಟಗಾರರು ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ನೋಡಬಂದವರಿಂದ ಹಣ ಪಡೆದು, ಖರ್ಚು ಕಳೆದು ಉಳಿದುದನ್ನು ಹಂಚಿಕೊಂಡರು. ಅಂಕಣದ ಸುತ್ತ ತಂತಿಯ ಬಲೆ ಕಟ್ಟಿ, ಚೆಂಡು ಹೊರಹೋಗದಂತೆ, ಆಟ ನಿಲ್ಲದಂತೆ ಮಾಡಿದವರೂ ಅವರೇ. 1898ರಲ್ಲಿ ಮೊದಲ ವೃತ್ತಿಪರ ಸಂಘ ಸ್ಥಾಪಿತವಾಯಿತು. ಅದರ ಮೊದಲ ಋತುವನ್ನು ಗೆದ್ದದ್ದು ಟ್ರೆಂಟನ್. ಐದಾರು ವರ್ಷಗಳಲ್ಲಿ ಆ ಸಂಘ ಮುಚ್ಚಿಹೋಯಿತು. ವೃತ್ತಿಪರ ಕೂಟಗಳ ಬಾಳು ಅನೇಕ ವೇಳೆ ಹೀಗೆಯೇ. ನಮ್ಮಲ್ಲಿ 2015ರಲ್ಲಿ ಶುರುವಾದ ಯುಬಿಎ ಸಂಘ, ಅದರೊಡನೆ ಬೆಂಗಳೂರು ಬೀಸ್ಟ್ ಎಂಬ ತಂಡ, ನಾಲ್ಕು ಋತು ಕಂಡು 2017ಕ್ಕೆ ನಿಂತುಹೋದವು.

ಟ್ರೆಂಟನ್ ಗೆದ್ದ ಆ ಚಳಿಗಾಲದಲ್ಲಿ ನೇಸ್ಮಿತ್ ಬಹುದೂರದ ಕಾನ್ಸಾಸಿನಲ್ಲಿದ್ದರು. ಡೆನ್ವರಿನಲ್ಲಿ ವೈದ್ಯಕೀಯ ಪದವಿ ಪಡೆದು, 1898ರಲ್ಲಿ ಲಾರೆನ್ಸ್ ಪಟ್ಟಣದ ಕಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಪ್ರಾರ್ಥನಾ ಮಂದಿರದ ನಿರ್ದೇಶಕರೂ ವ್ಯಾಯಾಮ ಶಿಕ್ಷಕರೂ ಆಗಿ ಬಂದಿದ್ದರು. ಅಲ್ಲಿ ಅವರು ಕಟ್ಟಿದ ತಂಡ 1899ರ ಫೆಬ್ರವರಿ 3ರಂದು ಆಡಿದ ಮೊದಲ ಪಂದ್ಯವನ್ನು 5ಕ್ಕೆ 16ರಿಂದ ಸೋತಿತು. ಆ ಋತು ಕೊನೆಗೆ 7 ಗೆಲುವು, 4 ಸೋಲುಗಳೊಡನೆ ಮುಗಿಯಿತು. ಆದರೆ ಮುಂದಿನ ಆರು ಋತುಗಳಲ್ಲಿ ಒಂದರಲ್ಲೂ ಗೆಲುವು ಸೋಲನ್ನು ಮೀರಲಿಲ್ಲ. 1905-06ರಲ್ಲಿ 12 ಗೆಲುವು, 7 ಸೋಲು. ಮರುವರ್ಷ ಮತ್ತೆ ಸೋಲೇ ಹೆಚ್ಚು. 1907ರಲ್ಲಿ ಅವರು ತಂಡವನ್ನು ತಮ್ಮ ಶಿಷ್ಯ ಫಾಗ್ ಅಲೆನನಿಗೆ ಬಿಟ್ಟುಕೊಟ್ಟರು. ತರಬೇತುದಾರನಾಗುತ್ತೇನೆಂದು ಅಲೆನ್ ಮೊದಲ ಸಲ ಹೇಳಿದಾಗ, ಈ ಆಟವನ್ನು ಆಡಬಹುದೇ ಹೊರತು ಕಲಿಸಲಾಗದೆಂದು ಗುರುಗಳು ನಕ್ಕಿದ್ದರಂತೆ.

ಈ ಮಾತನ್ನು ಚರಿತ್ರೆ ಸುಳ್ಳಾಗಿಸಿತೆಂದು ಒಪ್ಪಲೇಬೇಕು. ಅಲೆನ್ ಕಾನ್ಸಾಸಿನಲ್ಲಿ 39 ಋತುಗಳ ಕಾಲ ಕಲಿಸಿದ, ಗೆಲ್ಲಿಸಿದ, ಗೆಲ್ಲಿಸಬಲ್ಲ ಶಿಷ್ಯರನ್ನೂ ಬೆಳೆಸಿದ. ಇಂದಿನ ವೃತ್ತಿಪರ ಆಟಗಾರನ ಕೈಚಳಕದ ಹಿಂದೆ ಇರುವುದು ಅಂಥ ಕಲಿಕೆಯೇ. ಅದನ್ನು ಹಗುರಾಗಿ ಕಾಣುವುದು ಸಂಗೀತಗಾರನ ಸಾಧನೆಯನ್ನು ಹಗುರಾಗಿ ಕಂಡಂತೆ. ನೇಸ್ಮಿತರಿಗೆ ಮಾತ್ರ ಪಂದ್ಯವೆಂಬುದು ಹುಡುಗರ ಮೈಮನಗಳನ್ನು ನೇರ್ಪಡಿಸುವ ಒಂದು ಸಾಧನವಾಗಿತ್ತು. ಸಾಧನದ ಮೇಲೆ ಲೆಕ್ಕ ಬರೆಯುವ ಅಭ್ಯಾಸ ಅವರಿಗಿರಲಿಲ್ಲ.

ಅವರ ಲೆಕ್ಕ ಬೇರೆ ಕಡೆ ಬರೆದಿತ್ತು. 1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ತರುಣ ಕಾನ್ಸಾಸಿಗೆ ಬಂದ. ಆಫ್ರಿಕನ್ ಮೂಲದವನೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ತಂಡದ ಬಾಗಿಲು ಅವನಿಗೆ ಮುಚ್ಚಿತ್ತು. 70 ದಾಟಿದ್ದ ನೇಸ್ಮಿತ್ ಅವನನ್ನು ಬಳಿಗೆ ಕರೆದು ಆಟದ ಒಳಹೊರಗನ್ನೆಲ್ಲ ತಿಳಿಸಿಕೊಟ್ಟರು. ಅಲ್ಲಿ ಒಂದು ಪಂದ್ಯವನ್ನೂ ಆಡದ ಆ ಶಿಷ್ಯ ಮುಂದೆ ಟೆನೆಸಿಯ ಕಾಲೇಜು ತಂಡವೊಂದಕ್ಕೆ 1957ರಿಂದ 1959ರವರೆಗೆ ಸತತ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟ. 1961ರಲ್ಲಿ ಕ್ಲೀವ್‌ಲ್ಯಾಂಡ್ ಪೈಪರ್ಸ್ ಎಂಬ ವೃತ್ತಿಪರ ತಂಡದ ಮುಖ್ಯ ತರಬೇತುದಾರನಾದ. ಅಮೆರಿಕದ ವೃತ್ತಿಪರ ಸಂಘದಲ್ಲಿ ಆ ಸ್ಥಾನಕ್ಕೇರಿದ ಮೊದಲ ಕರಿಯರಲ್ಲೊಬ್ಬ ಅವನು. ಗೆಲ್ಲಿಸಲಾರದವನಿಗೆ ಕಲಿಸುವ ಅಧಿಕಾರ ಎಲ್ಲಿಯದೆಂದು ಕೇಳುವವರಿಗೆ ನಾನು ಕೊಡಬಲ್ಲ ಉತ್ತರ ಮೆಕ್ಲೆಂಡನ್. ಶಿಕ್ಷಕನ ಫಲ ಆ ವರ್ಷದ ಪಟ್ಟಿಯಲ್ಲೇ ಕಾಣಬೇಕೆಂದಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಹೋಗಿ ಸೈನಿಕರ ನಡುವೆ ದುಡಿದು ಬಂದ ನೇಸ್ಮಿತ್, 1925ರಲ್ಲಿ ಅಮೆರಿಕದ ಪ್ರಜೆಯಾದರು. ಆಟದಿಂದ ಅವರು ಸಿರಿವಂತರಾಗಲಿಲ್ಲ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಬಾಸ್ಕೆಟ್‌ಬಾಲ್ ಸೇರಿದಾಗ, ಅದನ್ನು ಹುಟ್ಟಿಸಿದವರನ್ನು ಅಲ್ಲಿಗೆ ಕಳುಹಿಸಲು ಅಮೆರಿಕದ ತರಬೇತುದಾರರು ವಂತಿಗೆ ಎತ್ತಬೇಕಾಯಿತು. 21 ದೇಶಗಳು ಆಡಿದವು. ಆಗಸ್ಟ್ 14ರಂದು ಬಯಲಿನ ಅಂಕಣದಲ್ಲಿ, ಸುರಿಯುವ ಮಳೆಯಲ್ಲಿ, ಚೆಂಡು ಪುಟಿಯದ ಕೆಸರಿನಲ್ಲಿ ಅಂತಿಮ ಪಂದ್ಯ ನಡೆಯಿತು. ಅಮೆರಿಕ 19, ಕೆನಡಾ 8. ಸೋತದ್ದು ಅವರ ಹುಟ್ಟೂರಿನ ದೇಶ, ಗೆದ್ದದ್ದು ಅವರು ಸೇರಿದ ದೇಶ. ಎರಡೂ ತಂಡಗಳಿಗೆ ಪದಕ ನೀಡಿದವರು ಅವರೇ.

1937ರಲ್ಲಿ ಮಾಡ್ ತೀರಿಕೊಂಡರು. 1939ರ ನವೆಂಬರ್ 28ರಂದು ಲಾರೆನ್ಸಿನಲ್ಲಿ ನೇಸ್ಮಿತ್ ಕಣ್ಣುಮುಚ್ಚಿದರು. ಎನ್‌ಬಿಎಯ ಮೊದಲ ರೂಪ ಹುಟ್ಟಿದ್ದು ಅದಾಗಿ ಏಳು ವರ್ಷಕ್ಕೆ, 1946ರಲ್ಲಿ. 82 ಪಂದ್ಯಗಳ ದೀರ್ಘ ಋತುವನ್ನು ಅವರು ಕಾಣಲಿಲ್ಲ. ಸ್ಪ್ರಿಂಗ್‌ಫೀಲ್ಡಿನ ಗೋಡೆಗೆ ಅಂಟಿಸಿದ್ದ ಆ ಎರಡು ಹಾಳೆಗಳು 2010ರಲ್ಲಿ ಹರಾಜಿಗೆ ಬಂದು 43 ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಾಟವಾದವು. ಕೊಂಡವರು ಅವನ್ನು ಕಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಆ ನಿಯಮಗಳನ್ನು ಕ್ರಮವಾಗಿ ಓದಿದವರಿಗೆ ಒಂದು ಸಂಗತಿ ಕಾಣುತ್ತದೆ. ಚೆಂಡನ್ನು ಹೇಗೆ ಎಸೆಯಬೇಕು, ಹೇಗೆ ಹಿಡಿಯಬೇಕು, ಎದುರಾಳಿಯನ್ನು ದೂಡಬಾರದು, ಕಾಲು ಕೊಟ್ಟು ಬೀಳಿಸಬಾರದು, ಹೊಡೆಯಬಾರದು, ತೀರ್ಪುಗಾರನ ಕೆಲಸವೇನು, ವಿರಾಮವೆಷ್ಟು ಎಂದು ಹೇಳುತ್ತ ಹೋಗುವ ನೇಸ್ಮಿತ್, ಗೆದ್ದವರು ಯಾರೆಂಬ ಮಾತಿಗೆ ಬರುವುದು 13ನೆಯ ನಿಯಮದಲ್ಲಿ.