ನಾಣ್ಯಗಳನ್ನು ಓದಿದ ಪ್ರಿನ್ಸೆಪ್

ಹಳೆಯ ನಾಣ್ಯವೊಂದು ದೊರೆತರೆ ಅದು ಯಾವ ಅರಸನದು, ಯಾವ ಕಾಲದ್ದು ಎಂದು ತಿಳಿಯುವುದು ಇಂದು ಅಷ್ಟು ಕಷ್ಟವಲ್ಲ. ನಾಣ್ಯಗಳ ಚಿತ್ರ, ತೂಕ, ಬರಹಗಳನ್ನು ಕ್ರಮವಾಗಿ ಕೊಟ್ಟಿರುವ ಆಕರಗ್ರಂಥಗಳಿವೆ, ಹೋಲಿಸಿ ನೋಡಿದರಾಯಿತು. ಪ್ರಾಚೀನ ಭಾರತದ ನಾಣ್ಯಗಳಿಗೆ ಅಂತಹ ಗ್ರಂಥವೇ ಇಲ್ಲದಿದ್ದಾಗ, ಅವುಗಳ ಮೇಲಿನ ಅಕ್ಷರಗಳನ್ನು ಬಲ್ಲವರೂ ಇಲ್ಲದಿದ್ದಾಗ, ಆ ಕಾರ್ಯಕ್ಕೆ ಕೈಹಾಕಿದವನು ಜೇಮ್ಸ್ ಪ್ರಿನ್ಸೆಪ್.

ಅವನು 1799ರ ಆಗಸ್ಟ್ 20ರಂದು ಇಂಗ್ಲೆಂಡಿನಲ್ಲಿ ಜನಿಸಿದನು. ವಾಸ್ತುಶಿಲ್ಪಿಯಾಗಬೇಕೆಂದು ಅಭ್ಯಾಸ ಮಾಡುತ್ತಿದ್ದಾಗ ಕಣ್ಣಿನ ತೊಂದರೆಯುಂಟಾಗಿ ಆ ವಿದ್ಯೆಯನ್ನು ಬಿಡಬೇಕಾಯಿತು. ಅನಂತರ ಚಿನ್ನ ಬೆಳ್ಳಿಗಳ ಬೆರಕೆಯನ್ನು ಪರೀಕ್ಷಿಸುವ ಕೆಲಸವನ್ನು ಕಲಿತು, 1819ರಲ್ಲಿ ಕಲ್ಕತ್ತೆಯ ಟಂಕಸಾಲೆಗೆ ಬಂದನು. ಮರುವರ್ಷವೇ ಅವನನ್ನು ಕಾಶಿಯ ಟಂಕಸಾಲೆಗೆ ಕಳುಹಿಸಲಾಯಿತು. ಅಲ್ಲಿದ್ದ ಹತ್ತು ವರ್ಷಗಳಲ್ಲಿ ನಗರದ ಕೊಳಚೆನೀರು ಹರಿದುಹೋಗಲು ಸುರಂಗ ಕಟ್ಟಿಸಿದನು. ಘಟ್ಟಗಳ ಸುಂದರ ಚಿತ್ರಗಳನ್ನು ಬರೆದನು. ಕಣ್ಣು ಕೆಟ್ಟಿತೆಂದು ರೇಖಾಚಿತ್ರವನ್ನು ತೊರೆದಿದ್ದವನು ಇವನೇ!

1830ರಲ್ಲಿ ಅವನು ಕಲ್ಕತ್ತೆಗೆ ಮರಳಿದನು. ಎರಡು ವರ್ಷಗಳ ಬಳಿಕ ಟಂಕಸಾಲೆಯ ಮುಖ್ಯ ಪರೀಕ್ಷಕನ ಪದವಿಯೂ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿತ್ವವೂ ಅವನ ಪಾಲಿಗೆ ಬಂದುವು. ಸೊಸೈಟಿಯ ಪತ್ರಿಕೆಯನ್ನೂ ಅವನೇ ಸಂಪಾದಿಸತೊಡಗಿದನು. ಹಗಲೆಲ್ಲ ಹೊಸ ನಾಣ್ಯಗಳ ಪರೀಕ್ಷೆ, ಉಳಿದ ವೇಳೆಯಲ್ಲಿ ಹಳೆಯ ನಾಣ್ಯಗಳ ಶೋಧನೆ. ದೂರದೂರದಿಂದ ಬಂದ ನಾಣ್ಯಗಳ ಚಿತ್ರಗಳನ್ನು ತಾನೇ ಫಲಕಗಳಲ್ಲಿ ಕೊರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದನು. ಅವುಗಳನ್ನು ಕಂಡ ಓದುಗರು ತಮ್ಮಲ್ಲಿದ್ದ ನಾಣ್ಯಗಳೊಡನೆ ಹೋಲಿಸಿ, ಹೊಸ ಮಾದರಿಗಳನ್ನು ಕಳುಹಿಸಿಕೊಡುತ್ತಿದ್ದರು. ಇಲ್ಲದಿದ್ದ ಆಕರಗ್ರಂಥವು ಹೀಗೆ ಸಂಚಿಕೆ ಸಂಚಿಕೆಯಾಗಿ ಬೆಳೆಯಿತು.

ಆಫ್ಘಾನಿಸ್ತಾನದ ಕಡೆಯಿಂದ ಬಂದ ಕೆಲವು ನಾಣ್ಯಗಳ ಒಂದು ಮುಖದಲ್ಲಿ ಗ್ರೀಕ್ ಬರಹವಿತ್ತು, ಇನ್ನೊಂದು ಮುಖದಲ್ಲಿ ಬಲದಿಂದ ಎಡಕ್ಕೆ ಸಾಗುವ ಅಪರಿಚಿತ ಲಿಪಿಯಿತ್ತು. ಗ್ರೀಕ್ ಭಾಗವನ್ನು ಓದುವುದು ಸುಲಭ. ಮೆನಾಂಡರನಂತಹ ಅರಸರ ಹೆಸರುಗಳು ಪ್ರಾಚೀನ ಪಾಶ್ಚಾತ್ಯ ಗ್ರಂಥಗಳಲ್ಲಿಯೂ ಇದ್ದುವು. ಎರಡು ಮುಖಗಳಲ್ಲಿಯೂ ಅದೇ ಹೆಸರು, ಅದೇ ಬಿರುದು ಇರಬೇಕೆಂದು ಆ ನಾಣ್ಯಗಳನ್ನು ಸಂಗ್ರಹಿಸುತ್ತಿದ್ದ ಚಾರ್ಲ್ಸ್ ಮ್ಯಾಸನ್ ಸೂಚಿಸಿದನು. ಈ ಸುಳಿವನ್ನು ಹಿಡಿದು ಪ್ರಿನ್ಸೆಪನು ಹೆಸರಿನಿಂದ ಹೆಸರಿಗೆ ಅಕ್ಷರಗಳನ್ನು ಗುರುತಿಸುತ್ತ ಹೋದನು. ಇಂದು ಖರೋಷ್ಠಿ ಎಂದು ಕರೆಯುವ ಲಿಪಿ ಅದೇ.

ದೆಹಲಿ, ಅಲಹಾಬಾದುಗಳ ಕಂಬಗಳ ಮೇಲಿದ್ದ ಬ್ರಾಹ್ಮೀ ಲಿಪಿ ಇನ್ನೂ ಒಗಟಾಗಿಯೇ ಇತ್ತು. 1836ರಲ್ಲಿ ಜರ್ಮನಿಯ ವಿದ್ವಾಂಸ ಲಾಸೆನ್ ಗ್ರೀಕ್ ಅರಸನೊಬ್ಬನ ನಾಣ್ಯದಿಂದ ಅದರ ಕೆಲವು ಅಕ್ಷರಗಳನ್ನು ಗುರುತಿಸಿದ್ದನು. 1837ರಲ್ಲಿ ಸಾಂಚಿಯ ಕಟಾಂಜನದ ಕಲ್ಲುಗಳ ಮೇಲಿನ ಕಿರುಬರಹಗಳ ಪ್ರತಿಗಳು ಪ್ರಿನ್ಸೆಪನ ಕೈಸೇರಿದುವು. ಅವುಗಳಲ್ಲಿ ಹೆಚ್ಚಿನವು ಒಂದೇ ಎರಡಕ್ಷರಗಳಿಂದ ಮುಗಿಯುತ್ತಿದ್ದುವು. ಇವು ಭಕ್ತರ ಕಾಣಿಕೆಗಳಾಗಿದ್ದರೆ ಆ ಪದ ‘ದಾನಂ’ ಆಗಿರಬೇಕಲ್ಲವೇ? ಅದರ ಹಿಂದಿನ ಅಕ್ಷರವು ಷಷ್ಠೀ ವಿಭಕ್ತಿಯ ‘ಸ’ ಎಂಬುದು ಅವನಿಗೆ ಆಗಲೇ ತಿಳಿದಿತ್ತು. ಕೆಲವೇ ದಿನಗಳ ಹಿಂದೆ ಸೌರಾಷ್ಟ್ರದ ಬೆಳ್ಳಿಯ ನಾಣ್ಯಗಳಲ್ಲಿ ಅದನ್ನು ಕಂಡಿದ್ದನು. ಬಹು ಬೇಗನೆ ಉಳಿದ ಅಕ್ಷರಗಳೂ ಬಿಡಿಸಿಕೊಂಡುವು.

ಕಂಬಗಳ ಶಾಸನಗಳಲ್ಲಿ ಪಿಯದಸಿ ಎಂಬ ಅರಸನ ಹೆಸರು ಮತ್ತೆ ಮತ್ತೆ ಬಂದಿತು. ಅವನು ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪನು ಊಹಿಸಿದನು. ಊಹೆ ತಪ್ಪಾಗಿತ್ತು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನೂರ್ ಪಾಲಿ ಗ್ರಂಥವೊಂದನ್ನು ನೋಡಿ, ಪಿಯದಸಿ ಎಂಬುದು ಮೌರ್ಯ ಅಶೋಕನ ಹೆಸರೆಂದು ತಿಳಿಸಿದನು. ಪ್ರಿನ್ಸೆಪನು ತನ್ನ ಊಹೆಗೆ ಅಂಟಿಕೊಳ್ಳದೆ ಆ ತಿದ್ದುಪಡಿಯನ್ನು ಸ್ವೀಕರಿಸಿದನು.

ಬಿಡುವಿಲ್ಲದ ದುಡಿಮೆ ಅವನ ಆರೋಗ್ಯವನ್ನು ಮುರಿಯಿತು. 1838ರಲ್ಲಿ ತೀವ್ರವಾದ ತಲೆನೋವಿಗೆ ತುತ್ತಾಗಿ, ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಸ್ವದೇಶಕ್ಕೆ ಹಡಗನ್ನೇರಿದನು. ಆದರೆ ಚೇತರಿಸಿಕೊಳ್ಳಲಿಲ್ಲ. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತು ವರ್ಷ. ಕಲ್ಕತ್ತೆಯಲ್ಲಿ ಹೂಗ್ಲಿ ನದಿಯ ದಡದಲ್ಲಿ ಅವನ ಹೆಸರಿನ ಘಟ್ಟವಿದೆ.

1915ರಲ್ಲಿ, ಅಂದು ನಿಜಾಮನ ರಾಜ್ಯಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಡೆಯ ಶಾಸನವೊಂದು ಬೆಳಕಿಗೆ ಬಂದಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ವಿದ್ವಾಂಸರು ಆ ಬರಹವನ್ನು ಓದಿದ್ದು ಪ್ರಿನ್ಸೆಪನು ಬಿಡಿಸಿಕೊಟ್ಟ ಅಕ್ಷರಮಾಲೆಯ ನೆರವಿನಿಂದ.