ಅನ್ನಾ ಪಾವ್ಲೋವಾ: ರಂಗಮಂದಿರ ಬೀದಿಯ ವಿದ್ಯಾರ್ಥಿನಿ

ಪಾವ್ಲೋವ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ವೈದ್ಯಕೀಯ ಕಾಲೇಜಿನ ಶರೀರಕ್ರಿಯಾಶಾಸ್ತ್ರದ ತರಗತಿಯಲ್ಲಿ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಇವಾನ್ ಪಾವ್ಲೋವ್ ತಮ್ಮ ನಾಯಿಗಳ ಮೇಲೆ ಪ್ರಯೋಗ ನಡೆಸಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ, ಅವರಿಗೆ ಯಾವ ರೀತಿಯ ಬಂಧುತ್ವವೂ ಇಲ್ಲದ ಪಾವ್ಲೋವಾ ಎಂಬ ಬಡ ಹುಡುಗಿಯೊಬ್ಬಳು ಬೆರಳ ತುದಿಯ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದಳು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಆಕೆಯ ಹೆಸರು ಒಂದು ಸಿಹಿತಿನಿಸಿನ ಹೆಸರಾಗಿ ಪರಿಚಿತ. ಬಾಯಲ್ಲಿಟ್ಟರೆ ಕರಗುವ, ಹಗುರವಾದ, ಬಿಳಿಯ ಆ ತಿನಿಸಿಗೆ ಆಕೆಯ ಹೆಸರಿಟ್ಟವರು ಆಕೆಯ ನೃತ್ಯವನ್ನು ಸರಿಯಾಗಿಯೇ ಗ್ರಹಿಸಿದ್ದರು.

ಜಗತ್ತು ಅನ್ನಾ ಪಾವ್ಲೋವಾರನ್ನು ನೆನೆಯುವುದು ಸಾಯುತ್ತಿರುವ ಹಂಸವಾಗಿ. ಆದರೆ ಆ ಹಂಸ ರೂಪುಗೊಂಡದ್ದು ಆಕೆ ವಿದ್ಯಾರ್ಥಿನಿಯಾಗಿದ್ದ ಎಂಟು ವರ್ಷಗಳಲ್ಲಿ. ಅಂದಿನ ಅಳತೆಗೋಲಿನಲ್ಲಿ ನೃತ್ಯಕ್ಕೆ ಒಗ್ಗದ ದೇಹವೆನಿಸಿಕೊಂಡದ್ದು ಹೇಗೆ ನೃತ್ಯವನ್ನೇ ಬದಲಿಸಿತು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ಆದ್ದರಿಂದ ಈ ಲೇಖನದಲ್ಲಿ ಆ ವರ್ಷಗಳಿಗೇ ಹೆಚ್ಚಿನ ಸ್ಥಳ ಕೊಟ್ಟಿದ್ದೇನೆ.

ದಿನತುಂಬದ ಮಗು

ಅನ್ನಾ ಹುಟ್ಟಿದ್ದು 1881ರ ಫೆಬ್ರವರಿ 12ರಂದು. ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಕಾಲಗಣನೆಯಂತೆ ಜನವರಿ 31. ತಾಯಿ ಲ್ಯುಬೋವ್ ಬಟ್ಟೆ ಒಗೆದು ಜೀವನ ಸಾಗಿಸುತ್ತಿದ್ದ ಹೆಂಗಸು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಅಂದಿನ ಕಾಲದಲ್ಲಿ ಅಂತಹ ಶಿಶು ಉಳಿಯುವುದೇ ಒಂದು ಅದೃಷ್ಟ. ಪದೇ ಪದೇ ಕಾಯಿಲೆ ಬೀಳುತ್ತಿದ್ದ ಕೂಸನ್ನು ನಗರದ ಹೊರಗಿನ ಲಿಗೊವೊ ಎಂಬ ಹಳ್ಳಿಗೆ ಕಳಿಸಿ, ಅಜ್ಜಿಯ ಆರೈಕೆಯಲ್ಲಿ ಇರಿಸಲಾಯಿತು. ಸಣಕಲು ಮೈ, ಉದ್ದನೆಯ ಕೈಕಾಲು, ಕಡ್ಡಿಯಂತಹ ಕಣಕಾಲು ಆಕೆಗೆ ಕೊನೆಯವರೆಗೂ ಉಳಿದವು.

ಎಂಟು ವರ್ಷದವಳಿದ್ದಾಗ ತಾಯಿ ಆಕೆಯನ್ನು ಮಾರಿನ್‌ಸ್ಕಿ ರಂಗಮಂದಿರಕ್ಕೆ ಕರೆದೊಯ್ದಳು. ಬಡ ತಾಯಿಗೆ ಅದು ಸಣ್ಣ ಖರ್ಚೇನೂ ಅಲ್ಲ. ಅಂದು ನಡೆದದ್ದು ಚೈಕೋವ್‌ಸ್ಕಿಯ ಸಂಗೀತಕ್ಕೆ ಮಾರಿಯಸ್ ಪೆಟಿಪಾ ಸಂಯೋಜಿಸಿದ ‘ನಿದ್ರಿಸುವ ಸುಂದರಿ’. 1890ರಲ್ಲಿ ಮೊದಲು ರಂಗಕ್ಕೆ ಬಂದ ಆ ಬ್ಯಾಲೆಯಲ್ಲಿ ಹುಡುಗ ಹುಡುಗಿಯರ ಗುಂಪೊಂದು ಸುತ್ತುತ್ತಾ ಕುಣಿಯುವ ದೃಶ್ಯವಿತ್ತು. ಅವರಂತೆ ಕುಣಿಯಲು ಇಷ್ಟವೇ ಎಂದು ತಾಯಿ ಕೇಳಿದಾಗ, ಅವರಂತೆ ಬೇಡ, ಆ ರಾಜಕುಮಾರಿಯಂತೆ ಒಬ್ಬಳೇ ಕುಣಿಯಬೇಕು ಎಂದು ಹುಡುಗಿ ಉತ್ತರಿಸಿದಳಂತೆ. ಮುಂದೆ ಪಾವ್ಲೋವಾ ತಾವೇ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ.

ಮಗಳ ಹಟಕ್ಕೆ ಮಣಿದು ತಾಯಿ ಸಾಮ್ರಾಜ್ಯದ ನೃತ್ಯಶಾಲೆಯ ಬಾಗಿಲು ತಟ್ಟಿದಳು. ಮೊದಲ ಸಲ ಪ್ರವೇಶ ದೊರೆಯಲಿಲ್ಲ. ವಯಸ್ಸು ಸಾಲದು, ಮೈಯಲ್ಲಿ ಕಸುವಿಲ್ಲ ಎಂಬುದು ಕಾರಣ. ಮತ್ತೆ ಪ್ರಯತ್ನಿಸಿ 1891ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಆಕೆ ಶಾಲೆಯೊಳಗೆ ಕಾಲಿಟ್ಟಳು.

ರಂಗಮಂದಿರ ಬೀದಿಯ ಶಾಲೆ

1738ರಲ್ಲಿ ಜಾನ್ ಬಾಪ್ಟಿಸ್ಟ್ ಲಾಂಡೆ ಎಂಬ ಫ್ರೆಂಚ್ ನೃತ್ಯಗುರು ಆರಂಭಿಸಿದ ಆ ಶಾಲೆ ಆಗ ರಂಗಮಂದಿರ ಬೀದಿಯಲ್ಲಿತ್ತು. ಇಂದು ಆ ಬೀದಿಗೆ ಅದನ್ನು ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ ರೊಸ್ಸಿಯ ಹೆಸರಿದೆ. ಮಕ್ಕಳ ಊಟ, ವಸತಿ, ಬಟ್ಟೆ, ವಿದ್ಯೆ ಎಲ್ಲವೂ ಚಕ್ರವರ್ತಿಯ ಖಜಾನೆಯ ಖರ್ಚು. ಬಟ್ಟೆ ಒಗೆಯುವವಳ ಮಗಳು ನರ್ತಕಿಯಾಗುವುದು ಈ ಏರ್ಪಾಟಿನಿಂದ ಮಾತ್ರ ಸಾಧ್ಯವಾಯಿತು. ಇದಕ್ಕೆ ಪ್ರತಿಯಾಗಿ ಮಗು ಮನೆಯನ್ನು ಬಿಟ್ಟುಕೊಡಬೇಕಿತ್ತು. ಶಾಲೆಯ ಬದುಕು ಬಹುಮಟ್ಟಿಗೆ ಸನ್ಯಾಸಿನಿಯರ ಮಠದ ಬದುಕು.

ದಿನಚರಿ ಗಂಟೆಯ ಸದ್ದಿನಿಂದ ನಡೆಯುತ್ತಿತ್ತು. ಎಂಟಕ್ಕೆ ಏಳುವುದು, ತಣ್ಣೀರಿನಲ್ಲಿ ಮುಖ ತೊಳೆಯುವುದು, ಪ್ರಾರ್ಥನೆ, ಚಹಾ ಮತ್ತು ರೊಟ್ಟಿ, ಆಮೇಲೆ ನೃತ್ಯದ ಪಾಠ. ಮಧ್ಯಾಹ್ನದ ಊಟ, ಸ್ವಲ್ಪ ನಡಿಗೆ, ಬಳಿಕ ಸಾಮಾನ್ಯ ವಿದ್ಯೆಯ ಪಾಠಗಳು. ಸಂಜೆ ಸಂಗೀತ, ಕತ್ತಿವರಸೆ, ಪ್ರದರ್ಶನದ ತಾಲೀಮು. ಒಂಬತ್ತಕ್ಕೆ ಮಲಗುವುದು. ಕಾಲು ಜಾರದಂತೆ ಮರದ ನೆಲಕ್ಕೆ ನೀರು ಚಿಮುಕಿಸಿ ಅಭ್ಯಾಸ ಮಾಡಿಸುತ್ತಿದ್ದರು. ಗೋಡೆಗೆ ಹೊಂದಿದ ಮರದ ಕಂಬಿಯನ್ನು ಒಂದು ಕೈಯಲ್ಲಿ ಹಿಡಿದು, ಐದು ಪಾದಸ್ಥಾನಗಳನ್ನು, ಮಂಡಿ ಬಾಗಿಸಿ ಏಳುವುದನ್ನು, ಕಾಲು ಚಾಚುವುದನ್ನು ನೂರಾರು ಸಲ ಮಾಡಬೇಕು. ನಮ್ಮ ಮಕ್ಕಳು ಅರೆಮಂಡಿಯಲ್ಲಿ ನಿಂತು ಅಡವುಗಳನ್ನು ತಿದ್ದಿಕೊಳ್ಳುವ ಹಾಗೆಯೇ ಇದು. ಎರಡರಲ್ಲಿಯೂ ಪಾದಗಳು ಹೊರಮುಖವಾಗಿ ತಿರುಗಿರುತ್ತವೆ. ಆ ತಿರುವು ಹುಟ್ಟಬೇಕಾದದ್ದು ಸೊಂಟದ ಕೀಲಿನಲ್ಲಿ. ಅಲ್ಲಿ ಸಾಲದ್ದನ್ನು ಮಂಡಿಯಿಂದ, ಕಣಕಾಲಿನಿಂದ ಎಳೆದು ತುಂಬಿಸಿದರೆ ನೋವು ಆರಂಭವಾಗುತ್ತದೆ.

ವಿದ್ಯಾರ್ಥಿಗಳು ಕಲಿಯುತ್ತಿರುವಾಗಲೇ ರಂಗವೇರುತ್ತಿದ್ದರು. ಮಾರಿನ್‌ಸ್ಕಿಯ ದೊಡ್ಡ ಬ್ಯಾಲೆಗಳಲ್ಲಿ ಮಕ್ಕಳ ಪಾತ್ರಗಳೆಲ್ಲ ಈ ಶಾಲೆಯವರಿಗೇ ಮೀಸಲು. 1892ರ ಡಿಸೆಂಬರಿನಲ್ಲಿ ಮೊದಲು ಪ್ರದರ್ಶನಗೊಂಡ ‘ನಟ್‌ಕ್ರ್ಯಾಕರ್’ನ ಕ್ರಿಸ್‌ಮಸ್ ಕೂಟದಲ್ಲಿ ಕುಣಿದ ಮಕ್ಕಳೂ ಇಲ್ಲಿನವರೇ. ಪ್ರದರ್ಶನವಿದ್ದ ಸಂಜೆ ಅವರನ್ನು ದೊಡ್ಡ ಮುಚ್ಚುಗಾಡಿಗಳಲ್ಲಿ ಕರೆದೊಯ್ದು, ಮುಗಿದ ಮೇಲೆ ಹಾಗೆಯೇ ಹಿಂದಕ್ಕೆ ತರುತ್ತಿದ್ದರು. ಹೀಗಾಗಿ ಆ ಶಾಲೆಯಲ್ಲಿ ಅಭ್ಯಾಸವೂ ಪ್ರದರ್ಶನವೂ ಎಂದೂ ಬೇರೆಯಾಗಿರಲಿಲ್ಲ.

ಚಕ್ರವರ್ತಿ ಮೂರನೆಯ ಅಲೆಕ್ಸಾಂಡರ್ ಶಾಲೆಗೆ ಬಂದ ಒಂದು ದಿನವನ್ನು ಪಾವ್ಲೋವಾ ನೆನಪಿಸಿಕೊಂಡಿದ್ದಾರೆ. ಮಕ್ಕಳ ಪ್ರದರ್ಶನ ಮುಗಿದ ಮೇಲೆ ಚಕ್ರವರ್ತಿ ಸಹಪಾಠಿಯೊಬ್ಬಳನ್ನು ಎತ್ತಿಕೊಂಡರು. ತನ್ನನ್ನೂ ಎತ್ತಿಕೊಳ್ಳಲಿ ಎಂದು ಅನ್ನಾ ಅತ್ತಳು. ಚಕ್ರವರ್ತಿಯ ತಮ್ಮ ವ್ಲಾಡಿಮಿರ್ ಆಕೆಯನ್ನು ಎತ್ತಿಕೊಂಡು ಸಮಾಧಾನಪಡಿಸಲು ನೋಡಿದರೂ ಅಳು ನಿಲ್ಲಲಿಲ್ಲ. ಆಕೆಗೆ ಬೇಕಾಗಿದ್ದುದು ಚಕ್ರವರ್ತಿಯೇ.

ಒಗ್ಗದ ದೇಹ

ಆ ದಶಕದಲ್ಲಿ ಪೀಟರ್ಸ್‌ಬರ್ಗ್‌ನ ಪ್ರೇಕ್ಷಕರು ಇಟಲಿಯ ನರ್ತಕಿಯರಿಗೆ ಮರುಳಾಗಿದ್ದರು. ಗಟ್ಟಿಮುಟ್ಟಾದ ಮೈ, ದೃಢವಾದ ತೊಡೆ, ಕಂಬದಂತೆ ನಿಲ್ಲುವ ಪಾದ ಆಗಿನ ಮಾದರಿ. 1893ರಲ್ಲಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸುತ್ತಾ, ಸತತವಾಗಿ 32 ಸುತ್ತು ಸುತ್ತಿ ಆ ನಗರವನ್ನು ಬೆರಗುಗೊಳಿಸಿದಳು. ಶಾಲೆಯ ಹುಡುಗಿಯರೆಲ್ಲ ಆ ಸುತ್ತುಗಳನ್ನು ಅಭ್ಯಾಸ ಮಾಡತೊಡಗಿದರು.

ಅನ್ನಾಳ ಪಾದವೇ ಬೇರೆ ಬಗೆಯದು. ಪಾದದ ಕಮಾನು ಅತಿಯಾಗಿ ಎತ್ತರ, ಕಣಕಾಲು ತೆಳು. ಸಹಪಾಠಿಗಳು ಆಕೆಯನ್ನು ಪೊರಕೆ ಎಂದು ಹಾಸ್ಯ ಮಾಡುತ್ತಿದ್ದರು. ವೈದ್ಯನಾಗಿ ಹೇಳುವುದಾದರೆ, ಕಮಾನು ಎತ್ತರವಾದ ಪಾದವು ನೋಡಲು ಎಷ್ಟು ಸೊಗಸೋ ಭಾರ ಹೊರುವುದರಲ್ಲಿ ಅಷ್ಟೇ ದುಬಾರಿ. ಸಾಮಾನ್ಯ ಪಾದ ನೆಲಕ್ಕೆ ತಗುಲಿದಾಗ ತುಸು ಚಪ್ಪಟೆಯಾಗಿ ಹೊಡೆತವನ್ನು ಹಂಚಿಕೊಳ್ಳುತ್ತದೆ. ಎತ್ತರದ ಕಮಾನು ಸುಲಭವಾಗಿ ಬಾಗದು. ಹೊಡೆತವೆಲ್ಲ ಹಿಮ್ಮಡಿಯ ಮೇಲೂ ಬೆರಳುಗಳ ಬುಡದ ಮೇಲೂ ಬೀಳುತ್ತದೆ. ತುದಿಗಾಲಿನಲ್ಲಿ ನಿಂತಾಗಲಂತೂ ಇಡೀ ದೇಹದ ಭಾರಕ್ಕೆ ಒಂದೆರಡು ಬೆರಳ ತುದಿಗಳೇ ಆಧಾರ. ಜೊತೆಗೆ, ಬೆಳೆಯುವ ಮಕ್ಕಳ ಪಾದದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಬೆಳವಣಿಗೆಯ ಫಲಕಗಳಿರುತ್ತವೆ. ಅವು ಪೂರ್ತಿ ಮೂಳೆಯಾಗುವುದು ಹದಿಹರೆಯದಲ್ಲಿ.

ನೃತ್ಯ ಕಲಿಯುವ ಮಕ್ಕಳನ್ನು ಕಾಲುನೋವೆಂದು ನನ್ನಲ್ಲಿಗೆ ಕರೆತರುವ ನಮ್ಮವರು ಹಲವರು. ಕೆಲವರು ಬ್ಯಾಲೆಯ ಮಕ್ಕಳು, ಹೆಚ್ಚಿನವರು ರಂಗಪ್ರವೇಶಕ್ಕೆ ಸಿದ್ಧರಾಗುತ್ತಿರುವ ಭರತನಾಟ್ಯದ ಮಕ್ಕಳು. ಈ ಮೈ ನೃತ್ಯಕ್ಕೆ ಒಗ್ಗುತ್ತದೆಯೇ ಎಂದು ತಂದೆತಾಯಿಯರು ಕೇಳುತ್ತಾರೆ. ಪ್ರಶ್ನೆಯನ್ನು ತಿರುಗಿಸಿ, ಈ ಮೈಗೆ ಒಗ್ಗುವ ನೃತ್ಯ ಯಾವುದು, ಅದನ್ನು ಕಂಡುಕೊಳ್ಳಬಲ್ಲ ಗುರು ಯಾರು ಎಂದು ಕೇಳಬೇಕು ಎಂಬುದನ್ನು ನನಗೆ ಕಲಿಸಿದ್ದು ವೈದ್ಯಗ್ರಂಥಗಳಲ್ಲ, ಪಾವ್ಲೋವಾರ ಜೀವನ.

ಏಕೆಂದರೆ ಆಕೆಗೆ ಅಂತಹ ಗುರು ದೊರೆತರು. ಪಾವೆಲ್ ಗೆರ್ಡ್ಟ್ ಮಾರಿನ್‌ಸ್ಕಿಯ ಅಗ್ರ ನರ್ತಕ, ಅಭಿನಯದಲ್ಲಿ ಪಳಗಿದವರು. ಲೆನ್ಯಾನಿಯ ಸುತ್ತುಗಳನ್ನು ಅನುಕರಿಸಲು ಹೆಣಗುತ್ತಿದ್ದ ಹುಡುಗಿಯನ್ನು ಕಂಡು ಅವರು ತಡೆದರು. ಆ ಕಸರತ್ತು ಇತರರಿಗಿರಲಿ, ನಿನ್ನ ಸಣ್ಣ ಸ್ನಾಯುಗಳ ಮೇಲೆ ಬೀಳುವ ಒತ್ತಡವನ್ನು ನೋಡಲಾರೆ, ಇತರರು ದೋಷವೆನ್ನುವ ನಿನ್ನ ನಾಜೂಕೇ ನಿನ್ನ ಸಂಪತ್ತು ಎಂಬುದು ಅವರು ಹೇಳಿದ ಮಾತಿನ ಸಾರ. ಇದರಿಂದ ಆಕೆ ಕಷ್ಟದ ಕೆಲಸವನ್ನು ಬಿಡಲಿಲ್ಲ, ಕಷ್ಟಪಡುವ ದಿಕ್ಕನ್ನು ಬದಲಿಸಿದಳು. ಕಟುವಾದ ಶಿಸ್ತಿಗೆ ಹೆಸರಾದ ಎಕತೆರೀನಾ ವಾಜೆಮ್, ಸ್ವೀಡನ್ ಮೂಲದ ವೃದ್ಧ ಗುರು ಕ್ರಿಶ್ಚಿಯನ್ ಯೊಹಾನ್ಸನ್ ಇವರಲ್ಲಿಯೂ ಪಾಠ ನಡೆಯಿತು. ಇತರರು ಸುಲಭವಾಗಿ ಸಾಧಿಸಿದ ಸ್ಥಿರತೆಗಾಗಿ ಆಕೆ ತರಗತಿ ಮುಗಿದ ಮೇಲೂ ಬೆವರು ಹರಿಸಬೇಕಾಯಿತು.

ರಂಗದ ಮೇಲೆ

1899ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅನ್ನಾ ಪದವಿ ಪಡೆದರು. ಹೊಸಬರು ಸಾಮಾನ್ಯವಾಗಿ ಸೇರುತ್ತಿದ್ದ ಸಮೂಹ ನರ್ತಕಿಯರ ಸಾಲಿಗಿಂತ ಒಂದು ಮೆಟ್ಟಿಲು ಮೇಲಿನ ಸ್ಥಾನದಲ್ಲಿಯೇ ಮಾರಿನ್‌ಸ್ಕಿ ಆಕೆಯನ್ನು ಬರಮಾಡಿಕೊಂಡಿತು. ಆದರೂ ಕಲಿಕೆ ನಿಲ್ಲಲಿಲ್ಲ. ಇಟಲಿಯ ಮಿಲಾನ್ ನಗರಕ್ಕೆ ಹೋಗಿ ಕ್ಯಾತೆರೀನಾ ಬೆರೆತ್ತಾರ ಬಳಿ ಅಭ್ಯಾಸ ಮಾಡಿದರು. ಮುಂದೆ ಎನ್ರಿಕೋ ಚೆಕೆಟ್ಟಿಯವರನ್ನು ಗುರುವಾಗಿ ಸ್ವೀಕರಿಸಿದರು. ವೃದ್ಧ ಪೆಟಿಪಾ ತಾವೇ ಪಾತ್ರಗಳನ್ನು ಹೇಳಿಕೊಟ್ಟರು. 1903ರಲ್ಲಿ ‘ಜಿಸೆಲ್’ ಪಾತ್ರದಲ್ಲಿ ಆಕೆಯ ಭಂಗುರ ದೇಹವೇ ಕಥೆಯ ಜೀವಾಳವಾಯಿತು. 1906ರಲ್ಲಿ ಪ್ರಧಾನ ನರ್ತಕಿಯ ಪಟ್ಟ ದೊರೆಯಿತು.

ಪಾದದ ಸಮಸ್ಯೆಗೆ ಆಕೆ ತಾವೇ ಪರಿಹಾರ ಕಂಡುಕೊಂಡರು. ತುದಿಗಾಲಿನ ಪಾದರಕ್ಷೆಯೊಳಗೆ ಗಟ್ಟಿಯಾದ ಚರ್ಮದ ಅಟ್ಟೆಯನ್ನು ಸೇರಿಸಿ ಕಮಾನಿಗೆ ಆಸರೆ ಕೊಟ್ಟರು. ತುದಿಯನ್ನು ತಟ್ಟಿ ಚಪ್ಪಟೆಯಾಗಿಸಿ, ನಿಲ್ಲುವ ಜಾಗವನ್ನು ತುಸು ಅಗಲ ಮಾಡಿಕೊಂಡರು. ಇದು ಮೋಸವೆಂದು ಮೂಗುಮುರಿದವರಿದ್ದರು. ಇಂದು ಬ್ಯಾಲೆ ಕಲಿಯುವ ಯಾವ ಹುಡುಗಿಯ ಪಾದರಕ್ಷೆಯನ್ನು ತೆಗೆದು ನೋಡಿದರೂ ಆ ಗಟ್ಟಿ ಅಟ್ಟೆಯೂ ಚಪ್ಪಟೆ ತುದಿಯೂ ಕಾಣುತ್ತವೆ.

ಮಿಖಾಯಿಲ್ ಫೋಕಿನ್ ಆಕೆಗಾಗಿ ‘ಹಂಸ’ ನೃತ್ಯವನ್ನು ಸಂಯೋಜಿಸಿದ್ದು ಇದೇ ವರ್ಷಗಳಲ್ಲಿ. ಸಂಗೀತ ಸ್ಯಾನ್ ಸಾನ್ಸ್ ಅವರದು. ಅವಧಿ ಕೆಲವೇ ನಿಮಿಷ. ಅದರಲ್ಲಿ 32 ಸುತ್ತುಗಳಿಲ್ಲ, ದೊಡ್ಡ ನೆಗೆತಗಳಿಲ್ಲ. ತುದಿಗಾಲಿನ ಸಣ್ಣ ಸಣ್ಣ ಹೆಜ್ಜೆಗಳು, ಅಲೆಯಂತೆ ಏರಿಳಿಯುವ ತೋಳುಗಳು, ಬಾಗುವ ಕತ್ತು ಇಷ್ಟೇ. ಗೆರ್ಡ್ಟ್ ಗುರುತಿಸಿದ ನಾಜೂಕಿಗೆ ಇಲ್ಲಿ ಅದರದೇ ಆದ ನೃತ್ಯ ಸಿಕ್ಕಿತು.

1909ರಲ್ಲಿ ಪ್ಯಾರಿಸ್, 1910ರಲ್ಲಿ ನ್ಯೂಯಾರ್ಕ್, 1912ರಿಂದ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನ ಐವಿ ಹೌಸ್ ಎಂಬ ಮನೆ. ಯುದ್ಧವೂ ಕ್ರಾಂತಿಯೂ ಬಂದ ಮೇಲೆ ಆಕೆ ರಷ್ಯಾಕ್ಕೆ ಮರಳಲಿಲ್ಲ. ಊರು ಬಿಟ್ಟು ಬಂದವರ ನೆಲೆಯಿಲ್ಲದ ಬದುಕು ಹೇಗಿರುತ್ತದೆಂದು ಆಕೆಗೆ ತಿಳಿದಿತ್ತು. ಪ್ಯಾರಿಸ್ ಬಳಿ ರಷ್ಯಾದ ಅನಾಥ ಹುಡುಗಿಯರಿಗಾಗಿ ಒಂದು ಆಶ್ರಯಧಾಮವನ್ನು ನಡೆಸಿದರು. ತಮ್ಮದೇ ತಂಡ ಕಟ್ಟಿಕೊಂಡು, ಬ್ಯಾಲೆಯನ್ನೇ ಕಾಣದ ಊರುಗಳಿಗೂ ಹೋದರು. 1917ರಲ್ಲಿ ದಕ್ಷಿಣ ಅಮೆರಿಕದ ಲೀಮಾದಲ್ಲಿ ಆಕೆಯನ್ನು ಕಂಡ ಹುಡುಗ ಫ್ರೆಡರಿಕ್ ಆಷ್ಟನ್ ಮುಂದೆ ಇಂಗ್ಲೆಂಡಿನ ಬ್ಯಾಲೆಯ ಮಹಾನ್ ಸಂಯೋಜಕನಾದ.

ಭಾರತದ ನಂಟು

ಪಾವ್ಲೋವಾ 1922ರಲ್ಲಿಯೂ ಮತ್ತೆ 1928-29ರಲ್ಲಿಯೂ ಭಾರತಕ್ಕೆ ಬಂದರು. ಮೊದಲ ಪ್ರವಾಸದ ನಂತರ ಲಂಡನ್ನಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಉದಯಶಂಕರ್ ಎಂಬ ತರುಣನ ನೆರವಿನಿಂದ ‘ರಾಧಾ ಕೃಷ್ಣ’ ಮತ್ತು ಹಿಂದೂ ವಿವಾಹದ ದೃಶ್ಯಗಳನ್ನು 1923ರಲ್ಲಿ ರಂಗಕ್ಕೆ ತಂದರು. ಕೃಷ್ಣನಾಗಿ ಕುಣಿದವರು ಉದಯಶಂಕರ್, ರಾಧೆಯಾಗಿ ಪಾವ್ಲೋವಾ.

ಎರಡನೆಯ ಪ್ರವಾಸದ ಹೊತ್ತಿಗೆ ಆಕೆಯ ಪರಿಚಯವಾದವರು ರುಕ್ಮಿಣೀದೇವಿ ಅರುಂಡೇಲ್. ಇಬ್ಬರೂ ಆಸ್ಟ್ರೇಲಿಯಾಕ್ಕೆ ಒಂದೇ ಹಡಗಿನಲ್ಲಿ ಪಯಣಿಸಿದರು. ಬ್ಯಾಲೆ ಕಲಿಯಲು ಆಸೆಪಟ್ಟ ರುಕ್ಮಿಣೀದೇವಿಗೆ ಪಾಠದ ಏರ್ಪಾಟು ಮಾಡಿಕೊಟ್ಟು, ನಿಮ್ಮ ನಾಡಿನ ನೃತ್ಯವನ್ನೂ ಹುಡುಕಿರಿ ಎಂದು ಪಾವ್ಲೋವಾ ಸೂಚಿಸಿದರು. ರುಕ್ಮಿಣೀದೇವಿ ಭರತನಾಟ್ಯ ಕಲಿತು, 1936ರಲ್ಲಿ ಮದರಾಸಿನ ಅಡಯಾರಿನಲ್ಲಿ ಕಲಾಕ್ಷೇತ್ರವನ್ನು ಆರಂಭಿಸಿದರು. ಇಂದು ಹೊರದೇಶಗಳಲ್ಲಿ ಕಲಾಕ್ಷೇತ್ರದ ಪದ್ಧತಿಯಲ್ಲಿ ಅಡವು ಕಲಿಯುವ ಕನ್ನಡದ ಮಕ್ಕಳ ಪಾಠದ ಹಿಂದೆ ಹೀಗೆ ರಂಗಮಂದಿರ ಬೀದಿಯ ಈ ವಿದ್ಯಾರ್ಥಿನಿಯ ಒಂದು ಮಾತೂ ಇದೆ. ಗೆರ್ಡ್ಟ್ ತಮಗೆ ಹೇಳಿದ್ದನ್ನೇ ಆಕೆ ಇನ್ನೊಬ್ಬರಿಗೆ ದಾಟಿಸಿದರು ಎಂದು ನನಗನ್ನಿಸುತ್ತದೆ: ಅನುಕರಣೆ ಸಾಕು, ನಿನ್ನದನ್ನು ನೋಡು.

ಕೊನೆಯ ದಿನಗಳು

1931ರ ಜನವರಿಯಲ್ಲಿ ನೆದರ್ಲೆಂಡ್ಸ್ ಪ್ರವಾಸಕ್ಕೆಂದು ಹೇಗ್ ನಗರಕ್ಕೆ ಬಂದಾಗ ಆಕೆಗೆ ಶ್ವಾಸಕೋಶದ ಹೊದಿಕೆಯ ಉರಿಯೂತ ತೀವ್ರವಾಗಿತ್ತು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಕುಣಿಯಲಾಗದೆಂದು ನಿರಾಕರಿಸಿದರು, ಕೊನೆಗೆ ಹಂಸದ ಉಡುಪನ್ನು ತರಲು ಹೇಳಿದರು ಎಂಬ ಕಥೆಗಳು ಪ್ರಚಲಿತವಾಗಿವೆ. ವೈದ್ಯನಿಗೆ ಮನಕಲಕುವುದು ಇನ್ನೊಂದು ಸಂಗತಿ. ಆಕೆ ವಾಸಿಸುತ್ತಿದ್ದ ಲಂಡನ್ನಿನಲ್ಲಿಯೇ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಅನ್ನು ಗುರುತಿಸಿದ್ದರು. ಅದು ರೋಗಿಗಳನ್ನು ತಲುಪಲು ಇನ್ನೂ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಸಲ್ಫಾ ಔಷಧಗಳು ಬಂದದ್ದೂ 1930ರ ದಶಕದ ನಡುವಿನಲ್ಲಿ. ಜನವರಿ 23ರಂದು, ಐವತ್ತು ತುಂಬಲು ಮೂರು ವಾರಗಳಿದ್ದಾಗ, ಪಾವ್ಲೋವಾ ತೀರಿಕೊಂಡರು. ಗೋಲ್ಡರ್ಸ್ ಗ್ರೀನ್‌ನಲ್ಲಿ ದೇಹವನ್ನು ದಹಿಸಲಾಯಿತು.

ಮರಣದ ಬೆನ್ನಿಗೇ ಲಂಡನ್ನಿನ ಒಂದು ರಂಗಮಂದಿರದಲ್ಲಿ ವಾದ್ಯವೃಂದ ‘ಹಂಸ’ದ ಸಂಗೀತವನ್ನು ನುಡಿಸಿತು. ತೆರೆ ಎದ್ದಿತು, ರಂಗದ ಮೇಲೆ ಯಾರೂ ಇರಲಿಲ್ಲ. ಆಕೆ ಇರಬೇಕಾಗಿದ್ದ ಜಾಗದಲ್ಲಿ ಬೆಳಕು ಮಾತ್ರ ಇತ್ತು.